ಸಲ್ಲೇಖನ: ನ್ಯಾಯಾಲಯದ ಪ್ರಶ್ನೆ, ಪೂಜ್ಯಪಾದರ ಉತ್ತರ

ಕಮಲಾಪುರದ ಕಡೆಯಿಂದ ಕಲಬುರಗಿಗೆ ಬಂದು ಕಾನೂನು ಓದುವವರು ಮಾನವ ಹಕ್ಕುಗಳ ಪಾಠದಲ್ಲಿ ಸಂವಿಧಾನದ 21ನೆಯ ವಿಧಿಯನ್ನು ಓದುತ್ತಾರೆ, ಕನ್ನಡ ಎಂ.ಎ. ವಿದ್ಯಾರ್ಥಿಗಳು ವಡ್ಡಾರಾಧನೆಯನ್ನು ಓದುತ್ತಾರೆ. ಈ ಎರಡು ಓದುಗಳು ಸಂಧಿಸುವ ವಿಷಯವೊಂದಿದೆ: ಸಲ್ಲೇಖನ.

2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ನಿಖಿಲ್ ಸೋನಿ ಪ್ರಕರಣದಲ್ಲಿ, ಸಲ್ಲೇಖನವು ಜೈನಧರ್ಮದ ಅತ್ಯವಶ್ಯಕ ಆಚರಣೆಯೆಂದು ಸಿದ್ಧವಾಗಿಲ್ಲವೆಂದೂ ಅದು ಆತ್ಮಹತ್ಯೆಯೆಂದೂ ತೀರ್ಪಿತ್ತಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಅದಕ್ಕೆ ತಡೆ ನೀಡಿತು. 'ಅತ್ಯವಶ್ಯಕ' ಎಂಬ ಅಳತೆಗೋಲು ಹುಟ್ಟಿದ್ದು ನಮ್ಮ ಉಡುಪಿಯ ಶಿರೂರು ಮಠದ 1954ರ ಪ್ರಕರಣದಲ್ಲಿ. ಯಾವುದು ಅವಶ್ಯಕವೆಂಬುದನ್ನು ಆಯಾ ಧರ್ಮದ ಸಿದ್ಧಾಂತದಿಂದಲೇ ತಿಳಿಯಬೇಕೆಂದು ಅಲ್ಲಿ ಹೇಳಲಾಗಿತ್ತು.

ಹಾಗಾದರೆ ಸಿದ್ಧಾಂತವನ್ನೇ ಕೇಳೋಣ. ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯ ಸಲ್ಲೇಖನವನ್ನು ಹೇಳುವಾಗ 'ಜೋಷಿತಾ' ಎಂಬ ಪದವನ್ನು ಬಳಸುತ್ತದೆ. 'ಸೇವಿತಾ' ಎಂದಿದ್ದರೆ ಅರ್ಥ ಸ್ಪಷ್ಟವಾಗುತ್ತಿರಲಿಲ್ಲವೇ ಎಂದು ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರು ತಾವೇ ಪ್ರಶ್ನೆಯೆತ್ತುತ್ತಾರೆ. ಸಾಲದು, 'ಜೋಷಿತಾ' ಪದದಲ್ಲಿ ಪ್ರೀತಿಯ ಅರ್ಥವೂ ಇದೆ, ಪ್ರೀತಿಯಿಲ್ಲದವನಿಂದ ಬಲವಂತವಾಗಿ ಸಲ್ಲೇಖನ ಮಾಡಿಸುವಂತಿಲ್ಲ ಎಂಬುದು ಅವರ ಸಮಾಧಾನ. ಒಂದು ಧಾತುವಿನ ಆಯ್ಕೆಯಲ್ಲಿ ಸಮ್ಮತಿಯ ತತ್ತ್ವವೇ ಅಡಗಿದೆ! ಸಮಂತಭದ್ರರೂ ಪರಿಹಾರವಿಲ್ಲದ ಉಪಸರ್ಗ, ಕ್ಷಾಮ, ಮುಪ್ಪು, ರೋಗಗಳಲ್ಲಿ ಮಾತ್ರ ಇದನ್ನು ವಿಧಿಸುತ್ತಾರೆ. ಎಲ್ಲರಿಗೂ ಕಡ್ಡಾಯವಾದರೆ ಈ ವ್ರತ ವ್ರತವಾಗಿಯೇ ಉಳಿಯದು. ಅದನ್ನು ಕಡ್ಡಾಯದ ಅಳತೆಗೋಲಿನಿಂದ ಅಳೆದದ್ದೇ ತೀರ್ಪಿನ ದೋಷವೆಂದು ನನಗೆ ತೋರುತ್ತದೆ.

ಆದರೆ ಶಾಸನಗಳನ್ನು ತೋರಿಸಿ ಗೆದ್ದೆವೆಂದು ಭಾವಿಸುವುದೂ ಸಲ್ಲದು. ನಮ್ಮ ಜಿಲ್ಲೆಯ ಮಳಖೇಡವನ್ನೇ ನೆನೆಯಿರಿ. ರಾಷ್ಟ್ರಕೂಟ ಸಿಂಹಾಸನ ತೈಲಪನ ಪಾಲಾದ ಮೇಲೆ, ಇಂದ್ರನನ್ನು ಪಟ್ಟಕ್ಕೆ ತರಲೆಳಸಿದ ಗಂಗ ಮಾರಸಿಂಹ ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ಕೈಗೊಂಡ. 982ರಲ್ಲಿ ಇಂದ್ರನೂ ಶ್ರವಣಬೆಳಗೊಳದಲ್ಲಿ ಅದೇ ದಾರಿ ಹಿಡಿದ. ಅದು ವೈರಾಗ್ಯವೋ, ಸೋಲಿನ ನೋವೋ? ಶಾಸನ ಹೊಗಳುತ್ತದೆ, ಒಳಮನಸ್ಸನ್ನು ತೆರೆಯುವುದಿಲ್ಲ. ವೃದ್ಧರ ಮೇಲೆ ಬೀಳಬಹುದಾದ ಒತ್ತಡದ ಆತಂಕಕ್ಕೆ ನಿಸಿಧಿಗಲ್ಲು ಉತ್ತರವಾಗದು.

ಉತ್ತರ ಬೇರೆಡೆ ಇದೆ. 2018ರ ಕಾಮನ್ ಕಾಸ್ ತೀರ್ಪು ಘನತೆಯ ಮರಣವನ್ನು 21ನೆಯ ವಿಧಿಯೊಳಗೆ ತಂದಿತು. ಚಿಕಿತ್ಸೆ ಬೇಡವೆಂಬ ಮುಂಗಡ ಇಚ್ಛಾಪತ್ರಕ್ಕೆ ಇಬ್ಬರು ಸಾಕ್ಷಿಗಳು ಬೇಕೆಂದಿತು. ವಡ್ಡಾರಾಧನೆಯ ಕಥೆಗಳಿಗೆ ಮೂಲವಾದ ಭಗವತೀ ಆರಾಧನೆಯೂ ಕ್ಷಪಕನ ಬಳಿ 48 ನಿರ್ಯಾಪಕರಿರಬೇಕೆನ್ನುತ್ತದೆ. ಕಾಲ ಕೆಟ್ಟರೆ ಸಂಖ್ಯೆ ಇಳಿಯಬಹುದು, ಆದರೆ ಇಬ್ಬರಿಗಿಂತ ಕಡಿಮೆಯಾಗುವಂತಿಲ್ಲ.