ಒತ್ತಿದರೆ ಚುರುಕಾಗುವ ನೀರು

ಯಾವ ಮನೆಯಲ್ಲೇ ಆಗಲಿ, ತಂಬಿಗೆಯಲ್ಲಿ ಅಲುಗದೆ ನಿಂತ ನೀರಿನೊಳಗೂ ಅಣುಗಳು ಸದಾ ಜಾಗ ಬದಲಿಸುತ್ತಿರುತ್ತವೆ. ಇದೇ ಸ್ವವಿಸರಣೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಅಣು ಒಂದು ಸೆಕೆಂಡಿಗೆ ಯಾವುದೇ ಒಂದು ದಿಕ್ಕಿನಲ್ಲಿ ಸರಿಯುವುದು ಸರಾಸರಿ 0.07 ಮಿ.ಮೀ. ಅಷ್ಟೇ.

ಇದನ್ನು ಅಳೆಯಲು ಬಣ್ಣ ಹಾಕಿ ನೋಡಿದರೆ ಬಣ್ಣದ ಚಲನೆ ಸಿಗುತ್ತದೆ, ನೀರಿನದಲ್ಲ. ಹಾಗಾಗಿ ಅಣುವಿನಲ್ಲೇ ಇರುವ ಹೈಡ್ರೋಜನ್ ಬೀಜಕೇಂದ್ರವೇ ಗುರುತು. 1950ರಲ್ಲಿ ಎರ್ವಿನ್ ಹಾನ್ ಕಂಡುಕೊಂಡ ಸ್ಪಿನ್ ಪ್ರತಿಧ್ವನಿಗೆ, ಅಂದರೆ ಬೀಜಕೇಂದ್ರಗಳು ಮರಳಿ ಕೊಡುವ ಸಂಕೇತಕ್ಕೆ, 1965ರಲ್ಲಿ ಸ್ಟೆಸ್ಕಲ್ ಮತ್ತು ಟ್ಯಾನರ್ ಎರಡು ಕಾಂತೀಯ ಮಿಡಿತಗಳನ್ನು ಜೋಡಿಸಿದರು. ಮೊದಲನೆಯದು ಅಣುವಿದ್ದ ಜಾಗದ ಗುರುತು ಹಾಕುತ್ತದೆ, ಎರಡನೆಯದು ಅದನ್ನು ಅಳಿಸುತ್ತದೆ. ನಡುವೆ ಅಣುಗಳು ಸರಿದಿದ್ದರೆ ಗುರುತು ಪೂರ್ತಿ ಅಳಿಯದು, ಪ್ರತಿಧ್ವನಿ ಕುಗ್ಗುತ್ತದೆ. ಕುಗ್ಗಿದ ಪ್ರಮಾಣವೇ ಅಳತೆ.

ನೀರನ್ನು ಒತ್ತಿ ಇದೇ ಅಳತೆ ಮಾಡಲು ಬೇಕಾದ, ಸಾವಿರಾರು ವಾತಾವರಣಗಳ ಒತ್ತಡ ತಡೆಯುವ ಪಾತ್ರೆಗೆ ಉಕ್ಕು ಸಾಮಾನ್ಯವಾಗಿ ಒಗ್ಗದು, ಕಾಂತಕ್ಷೇತ್ರ ಕೆಡುತ್ತದೆ. ಬೆರಿಲಿಯಂ-ತಾಮ್ರ ಇಲ್ಲವೇ ಟೈಟಾನಿಯಂ ಮಿಶ್ರಲೋಹ ಬೇಕು.

ಮೆಥನಾಲ್, ಅಸಿಟೋನ್‌ನಂಥ ಧ್ರುವೀಯ ದ್ರವಗಳು ಒತ್ತಿದಷ್ಟೂ ನಿಧಾನವಾಗುತ್ತವೆ. ನೀರು ಮಾತ್ರ ಹಟಮಾರಿ. 4 ಡಿಗ್ರಿಯ ತಣ್ಣೀರನ್ನು ಒತ್ತಿದರೆ ಅಣುಗಳು ಮೊದಲು ಚುರುಕಾಗುತ್ತವೆ, ಒತ್ತಡ ಒಂದು ಮಿತಿ ದಾಟಿದ ಮೇಲಷ್ಟೇ ಮಂದವಾಗುತ್ತವೆ. ಒತ್ತಡಕ್ಕೆ ಹೈಡ್ರೋಜನ್ ಬಂಧಗಳ ಬಲೆ ಬಾಗಿ ಸಡಿಲಾಗುವುದೇ ಇದಕ್ಕೆ ಕಾರಣ.

ಪಾರ್ಶ್ವವಾಯು ತಗುಲಿದವರಿಗೆ ಬೆಂಗಳೂರಿನ ಆಸ್ಪತ್ರೆಗಳಲ್ಲಿ ಮಾಡುವ ಎಂಆರ್‌ಐ ವಿಸರಣಾ ಸ್ಕ್ಯಾನ್ ಕೂಡ ಇದೇ ಜೋಡಿ ಮಿಡಿತಗಳಿಂದಲೇ ಮಿದುಳಿನ ನೀರಿನ ಚಲನೆಯನ್ನು ಅಳೆಯುತ್ತದೆ.