ಅರ್ಹತೆ ತೀರ್ಮಾನಿಸುವವರು ಯಾರು?

ವಿದ್ಯಾರ್ಥಿವೇತನ ಯಾರಿಗೆ ಸಲ್ಲಬೇಕೆಂಬ ಚರ್ಚೆ ಮೈಸೂರು ಸೀಮೆಗೆ ಹೊಸದಲ್ಲ. 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿ ಹಿಂದುಳಿದವರ ಓದಿಗೆ ಸರ್ಕಾರದ ಆಸರೆ ಬೇಕೆಂದಿತು. 1944ರಲ್ಲಿ ಪರಿಶಿಷ್ಟ ಜಾತಿಗಳಿಗೆ ಶುರುವಾದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಮುಂದೆ ಪರಿಶಿಷ್ಟ ಪಂಗಡಗಳಿಗೂ ವಿಸ್ತರಿಸಿತು. 1991ರಲ್ಲಿ ನಾಯಕ, ಬೇಡ, ವಾಲ್ಮೀಕಿ ಎಂಬ ಹೆಸರುಗಳು ಪಂಗಡಗಳ ಪಟ್ಟಿ ಸೇರಿದಾಗ, ಮಳೆ ನಂಬಿ ಬದುಕುವ ಜಗಳೂರಿನ ಎಷ್ಟೋ ಮನೆಗಳಿಗೆ ಈ ಹಕ್ಕು ದಕ್ಕಿತು. ಈ ಇತಿಹಾಸ ಹೇಳುವುದೊಂದೇ: ಅರ್ಹತೆಯನ್ನು ನಿಗದಿ ಮಾಡಿದ್ದು ಕಾನೂನು, ಕಾಲೇಜಲ್ಲ. ಕಾಲೇಜಿನ ಕೆಲಸ ದಾಖಲೆ ಪರಿಶೀಲಿಸಿ ಮುಂದೆ ಕಳಿಸುವುದಷ್ಟೇ.

ಆದರೆ ಜಗಳ ಹುಟ್ಟುವುದು ಕಾಲೇಜಿನ ಕಚೇರಿಯ ಮೇಜಿನ ಮುಂದೆಯೇ. ಅಂಕಪಟ್ಟಿಯಲ್ಲೊಂದು ಇನಿಷಿಯಲ್, ಆಧಾರ್‌ನಲ್ಲಿ ಇನ್ನೊಂದು. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆ. ಆರ್‌ಡಿ ಸಂಖ್ಯೆ (ಪ್ರಮಾಣಪತ್ರದ ಮೇಲಿನ ಸಂಖ್ಯೆ) ಹೊಂದುತ್ತಿಲ್ಲ. ಹಳೆಯ ದಾಖಲೆಯಲ್ಲಿರುವ ಜಿಲ್ಲೆ, ತಾಲ್ಲೂಕಿನ ಹೆಸರೂ ತಕರಾರಾಗುತ್ತದೆ: ಚನ್ನಗಿರಿ, ಹೊನ್ನಾಳಿಗಳು 1997ರಲ್ಲಿ ಶಿವಮೊಗ್ಗದಿಂದ ದಾವಣಗೆರೆ ಜಿಲ್ಲೆಗೆ ಬಂದವು. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ಗಡಿ ಬದಲಾದರೆ ಕಚೇರಿ ಬದಲಾಗುತ್ತದೆ, ಬಡತನ ಬದಲಾಗುವುದಿಲ್ಲ.

ವಿದ್ಯಾರ್ಥಿವೇತನದಡಿ ಬರಬೇಕಾದ ಶುಲ್ಕದ ಹಣ ಸರ್ಕಾರದಿಂದ ತಡವಾದರೆ ಉಪನ್ಯಾಸಕರಿಗೆ ಸಂಬಳ ಕೊಡುವುದು ಹೇಗೆ ಎಂದು ಆಡಳಿತ ಮಂಡಳಿಗಳು ಕೇಳುತ್ತವೆ. ಪ್ರಶ್ನೆ ನ್ಯಾಯವಾದದ್ದೇ. ಸುಳ್ಳು ಪ್ರಮಾಣಪತ್ರ ತಡೆಯಬೇಕೆಂಬುದೂ ಸರಿ. ಆದರೆ ಬಾಕಿಯ ಲೆಕ್ಕ ಸರ್ಕಾರಕ್ಕೂ ಸಂಸ್ಥೆಗೂ ಸೇರಿದ್ದು. ಪ್ರಮಾಣಪತ್ರದ ತನಿಖೆ ಅದನ್ನು ಕೊಟ್ಟ ಕಂದಾಯ ಇಲಾಖೆಗೆ ಬಿಟ್ಟದ್ದು. ಎರಡರ ಹೊರೆಯೂ ವಿದ್ಯಾರ್ಥಿಯ ಹೆಗಲಿಗೆ ಬೀಳಬಾರದು. ಕಾಲೇಜುಗಳು ವಿದ್ಯಾರ್ಥಿಗಳ ಮೂಲ ದಾಖಲೆಗಳನ್ನು ಹಿಡಿದಿಟ್ಟುಕೊಳ್ಳಬಾರದೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲೇ ಹೇಳಿದೆ. ಅರ್ಜಿ ತಿರಸ್ಕರಿಸುವ ಕಾಲೇಜು ಕಾರಣವನ್ನು ಬರೆದು ಕೊಡಲಿ. ವಿದ್ಯಾರ್ಥಿಗಳೂ ಅದನ್ನು ಕೇಳಿ ಪಡೆಯಲಿ.