ಔಷಧಿ ಅಂಗಡಿಯ ಬಿಲ್ಲು ಹೇಳುವ ಚರಿತ್ರೆ

ಈ ಪುಟವನ್ನು ಓದುವ ಮುನ್ನ ಮನೆಯಲ್ಲಿರುವ ಯಾವುದಾದರೂ ಔಷಧಿಯ ಸೀಸೆಯನ್ನೋ ಮಾತ್ರೆಯ ಸ್ಟ್ರಿಪ್ಪನ್ನೋ ಕೈಗೆ ತೆಗೆದುಕೊಳ್ಳಿ. ಅದರ ಮೇಲೆ ಔಷಧಿಯ ಹೆಸರಿದೆ, ತಯಾರಿಸಿದವರ ವಿಳಾಸವಿದೆ, ಅವಧಿ ಮುಗಿಯುವ ತಿಂಗಳಿದೆ. ಪಕ್ಕದಲ್ಲೇ ನಾವು ಅಷ್ಟಾಗಿ ಗಮನಿಸದ ಇನ್ನೊಂದು ಗುರುತೂ ಇದೆ. ಅದು ಬ್ಯಾಚ್ ನಂಬರು. ಅಂಗಡಿಯವರು ಕ್ರಮವಾಗಿ ಬರೆದ ಬಿಲ್ಲಿನಲ್ಲಿಯೂ ಅದು ಇರುತ್ತದೆ. ಆ ಬಿಲ್ಲನ್ನು ನಾವು ಅಂಗಡಿಯ ಮೆಟ್ಟಿಲಿಳಿಯುವ ಮೊದಲೇ ಮುದುಡಿ ಎಸೆಯುತ್ತೇವೆ. ಈ ಪುಟ್ಟ ಗುರುತಿನ ಹಿಂದೆ ಅನೇಕ ಜೀವಗಳ ಕಥೆಯಿದೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು.

ಮೊದಲು 1937ರ ಅಮೆರಿಕಕ್ಕೆ ಹೋಗೋಣ. ಸಲ್ಫನಿಲಮೈಡ್ ಎಂಬುದು ಆಗ ಗಂಟಲಿನ ಸೋಂಕು ಮುಂತಾದವುಗಳಿಗೆ ಹೊಸದಾಗಿ ಬಂದಿದ್ದ ಉತ್ತಮ ಔಷಧಿ. ಮಾತ್ರೆ ಮತ್ತು ಪುಡಿಯ ರೂಪದಲ್ಲಿ ಅದು ಸಿಗುತ್ತಿತ್ತು. ಕುಡಿಯುವ ಔಷಧಿಯಾಗಿಯೂ ಬೇಕೆಂಬ ಬೇಡಿಕೆ ಬಂದಾಗ ಒಂದು ಕಂಪೆನಿಯ ರಸಾಯನಜ್ಞ ಅದನ್ನು ಡೈಎಥಿಲೀನ್ ಗ್ಲೈಕಾಲ್ ಎಂಬ ಸಿಹಿಯಾದ ದ್ರವದಲ್ಲಿ ಕರಗಿಸಿದ. ಹಣ್ಣಿನ ರುಚಿ ಸೇರಿಸಿದ. ಕಂಪೆನಿಯವರು ಬಣ್ಣ, ರುಚಿ, ಪರಿಮಳಗಳನ್ನು ಪರೀಕ್ಷಿಸಿದರು. ಇದು ವಿಷವೇ ಎಂಬುದನ್ನು ಮಾತ್ರ ಪರೀಕ್ಷಿಸಲಿಲ್ಲ. ಅಂದಿನ ಕಾನೂನು ಅದನ್ನು ಕೇಳುತ್ತಲೂ ಇರಲಿಲ್ಲ. ಆ ದ್ರವ ಮೂತ್ರಪಿಂಡಗಳನ್ನು ಕೆಡಿಸಿಬಿಡುತ್ತದೆ. ಕೆಲವೇ ವಾರಗಳಲ್ಲಿ 100ಕ್ಕೂ ಹೆಚ್ಚು ಜನ ತೀರಿಕೊಂಡರು. ಅವರಲ್ಲಿ ಅನೇಕರು ಮಕ್ಕಳು.

ಸುದ್ದಿ ತಿಳಿದೊಡನೆ ಅಲ್ಲಿನ ಆಹಾರ ಮತ್ತು ಔಷಧ ಇಲಾಖೆ ತನ್ನ 239 ಮಂದಿ ಇನ್‌ಸ್ಪೆಕ್ಟರುಗಳು ಹಾಗೂ ರಸಾಯನಜ್ಞರಲ್ಲಿ ಹೆಚ್ಚುಕಡಿಮೆ ಎಲ್ಲರನ್ನೂ ಹುಡುಕಾಟಕ್ಕೆ ಕಳುಹಿಸಿತು. ಅವರಿಗೆ ದಾರಿ ತೋರಿಸಿದ್ದು ಅಂಗಡಿಗಳ ಮಾರಾಟದ ಚೀಟಿಗಳು. ಚೀಟಿಯ ಜಾಡು ಹಿಡಿದು ಮನೆಮನೆಗೆ ಹೋಗಿ ಸೀಸೆಗಳನ್ನು ಹಿಂದಕ್ಕೆ ಪಡೆದರು. ಔಷಧಿ ಪಡೆದು ಬೆಟ್ಟದ ಸೀಮೆಗೆ ಹೊರಟುಹೋಗಿದ್ದ ಕುಟುಂಬದ ಮೂರು ವರ್ಷದ ಹುಡುಗನನ್ನು ಹುಡುಕುವುದಕ್ಕಾಗಿ ಒಬ್ಬ ತರುಣ ವೈದ್ಯ ತನ್ನ ಮದುವೆಯನ್ನೇ ಮುಂದಕ್ಕೆ ಹಾಕಿದ. ತಯಾರಾಗಿದ್ದ 240 ಗ್ಯಾಲನ್‌ಗಳಲ್ಲಿ 234ಕ್ಕೂ ತುಸು ಹೆಚ್ಚು ಮರಳಿ ಬಂತು. ಅಷ್ಟೊಂದು ಜೀವಗಳನ್ನು ತೆಗೆದದ್ದು ಉಳಿದ ಸುಮಾರು 22 ಲೀಟರ್ ದ್ರವ ಮಾತ್ರ. ಎಲ್ಲವೂ ಬಳಕೆಯಾಗಿದ್ದರೆ ಏನಾಗುತ್ತಿತ್ತೆಂದು ನೀವೇ ಲೆಕ್ಕ ಹಾಕಿ ನೋಡಿ. ಔಷಧಿ ಮಾರುಕಟ್ಟೆಗೆ ಬರುವ ಮೊದಲೇ ಅದು ಅಪಾಯಕಾರಿಯಲ್ಲವೆಂದು ತೋರಿಸಬೇಕೆಂಬ ಕಾನೂನು ಅಮೆರಿಕದಲ್ಲಿ ಬಂದದ್ದು ಇದಾದ ಮೇಲೆ, 1938ರಲ್ಲಿ.

ಆ ವೇಳೆಗೆ ನಮ್ಮ ದೇಶದಲ್ಲಿ ಸ್ಥಿತಿ ಹೇಗಿತ್ತು? ಮಲೇರಿಯಾ ಲಕ್ಷಾಂತರ ಜನರನ್ನು ಕಾಡುತ್ತಿತ್ತು. ನಮ್ಮ ಮಲೆನಾಡೂ ಇದಕ್ಕೆ ಹೊರತಾಗಿರಲಿಲ್ಲ. ಅದಕ್ಕಿದ್ದ ಮುಖ್ಯ ಮದ್ದು ಕ್ವಿನೈನ್. ಆ ಮದ್ದಿನಲ್ಲೇ ಕಲಬೆರಕೆ ನಡೆಯುತ್ತಿದೆ ಎಂಬ ದೂರುಗಳು ಹೆಚ್ಚಿದವು. ಸರ್ಕಾರವು 1930ರಲ್ಲಿ ಕರ್ನಲ್ ರಾಮನಾಥ ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. 1931ರ ವರದಿಯಲ್ಲಿ ಸಮಿತಿ ಹೇಳಿದ ಮುಖ್ಯ ಮಾತುಗಳು ಮೂರು: ಇಡೀ ದೇಶಕ್ಕೆ ಒಂದು ಕಾನೂನು ಬೇಕು, ಔಷಧಿಗಳನ್ನು ಪರೀಕ್ಷಿಸುವ ಪ್ರಯೋಗಾಲಯಗಳು ಬೇಕು, ಔಷಧಿ ಕೊಡುವವರಿಗೆ ತಕ್ಕ ಶಿಕ್ಷಣ ಬೇಕು. ಶಿಕ್ಷಣದ ಕೆಲಸ 1932ರಲ್ಲೇ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಮಹಾದೇವ ಲಾಲ್ ಶ್ರಾಫ್ ಅವರಿಂದ ಆರಂಭವಾಯಿತು. ಕಾನೂನು ಬರುವುದು ತಡವಾಯಿತು. 1940ರಲ್ಲಿ ಔಷಧ ಕಾಯಿದೆ, 1945ರಲ್ಲಿ ಅದರ ನಿಯಮಗಳು, 1948ರಲ್ಲಿ ಫಾರ್ಮಸಿ ಕಾಯಿದೆ ಬಂದವು.

ಇಂದು ನಿಮ್ಮ ಬೀದಿಯ ಔಷಧಿ ಅಂಗಡಿ ನಡೆಯಬೇಕಾದದ್ದು ಈ ಕಾಯಿದೆಗಳ ಪ್ರಕಾರವೇ. ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಲೈಸೆನ್ಸ್ ಇರಬೇಕು. ವೈದ್ಯರ ಚೀಟಿಯ ಔಷಧಿಯನ್ನು ನೋಂದಾಯಿತ ಫಾರ್ಮಸಿಸ್ಟ್ ಅವರ ಮೇಲ್ವಿಚಾರಣೆಯಲ್ಲೇ ಕೊಡಬೇಕು. ಅವಧಿ ಮೀರಿದ್ದನ್ನು ಮಾರಕೂಡದು. ಇನ್ಸುಲಿನ್‌ನಂತಹವನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಡಬೇಕು. 2014ರಿಂದ ಕೆಲವು ಆಂಟಿಬಯಾಟಿಕ್ ಹಾಗೂ ಕ್ಷಯರೋಗದ ಔಷಧಿಗಳನ್ನು ಕೊಟ್ಟಾಗ ರೋಗಿಯ ಹೆಸರು, ವೈದ್ಯರ ಹೆಸರು, ಔಷಧಿಯ ಪ್ರಮಾಣಗಳನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಪಾಡಬೇಕೆಂಬ ನಿಯಮವೂ ಇದೆ.

ನಿಯಮಗಳು ಬಂದ ಮೇಲೆ ಅನಾಹುತಗಳು ನಿಂತವೇ? ಇಲ್ಲ. 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಔಷಧವಾಗಿ ಕೊಟ್ಟ ಗ್ಲಿಸರಿನ್‌ನಿಂದ 14 ರೋಗಿಗಳು ಸತ್ತರು. ಅದರಲ್ಲಿ ಬೆರೆತಿದ್ದದ್ದು ಅದೇ ಡೈಎಥಿಲೀನ್ ಗ್ಲೈಕಾಲ್. ನ್ಯಾಯಮೂರ್ತಿ ಲೆಂಟಿನ್ ಆಯೋಗದ ವಿಚಾರಣೆಯಲ್ಲಿ ಖರೀದಿಯಿಂದ ತಪಾಸಣೆಯವರೆಗೆ ಪ್ರತಿ ಹಂತದ ಉದಾಸೀನವೂ ಬಯಲಾಯಿತು. 2022ರಲ್ಲಿ ಆಫ್ರಿಕದ ಗ್ಯಾಂಬಿಯಾದಲ್ಲಿ ಸುಮಾರು 70 ಮಕ್ಕಳ ಸಾವಿಗೆ ಭಾರತದಲ್ಲಿ ತಯಾರಾದ ಸಿರಪ್ಪುಗಳ ನಂಟು ಕಂಡುಬಂತು. 2025ರಲ್ಲಿ ಮಧ್ಯಪ್ರದೇಶದಲ್ಲಿ ಕೆಮ್ಮಿನ ಸಿರಪ್ ಕುಡಿದ 20ಕ್ಕೂ ಹೆಚ್ಚು ಮಕ್ಕಳು ಅಸುನೀಗಿದರು. ತಮಿಳುನಾಡಿನ ಪ್ರಯೋಗಾಲಯದ ಪರೀಕ್ಷೆಯಲ್ಲಿ ಆ ಸಿರಪ್ಪಿನ ಒಂದು ಬ್ಯಾಚಿನಲ್ಲಿ ಶೇಕಡ 48.6ರಷ್ಟು ಅದೇ ವಿಷ ಸಿಕ್ಕಿತು. 1937ರ ಪಾಠ 88 ವರ್ಷಗಳ ಅನಂತರವೂ ಪೂರ್ತಿ ಕಲಿತಂತಾಗಲಿಲ್ಲ.

ಈ ವಿಷವನ್ನು ಅಂಗಡಿಯವರು ಕಣ್ಣಿನಿಂದಾಗಲಿ ಮೂಗಿನಿಂದಾಗಲಿ ಗುರುತಿಸಲಾರರು. ಅದನ್ನು ತಡೆಯಬೇಕಾದದ್ದು ಕಾರ್ಖಾನೆಯ ಪರೀಕ್ಷೆ ಮತ್ತು ಸರ್ಕಾರದ ತಪಾಸಣೆ. ಅವೆರಡೂ ಸೋತಾಗ ಉಳಿಯುವುದು ಅಂಗಡಿಯ ಲೆಕ್ಕ. ಕೆಟ್ಟ ಬ್ಯಾಚ್ ಯಾವುದೆಂದು ತಿಳಿದ ಮೇಲೆ ಅದು ಯಾವ ಮನೆ ಸೇರಿದೆ ಎಂದು ಹೇಳಬಲ್ಲದ್ದು ಆ ಲೆಕ್ಕವೇ. ಬಿಲ್ಲಿಲ್ಲದೆ ಮಾರಿದ ಸೀಸೆಯನ್ನು ಹಿಂದಕ್ಕೆ ಕರೆಯುವುದು ಹೇಗೆ?

ನಿಮ್ಮಿಂದಾಗುವ ಕೆಲಸವೂ ಇದೆ. ಮುಂದಿನ ಸಲ ಅಜ್ಜಿಗೋ ತಮ್ಮನಿಗೋ ಔಷಧಿ ತರಲು ಹೋದಾಗ ಬಿಲ್ಲು ಕೇಳಿ ಪಡೆಯಿರಿ. ಬಿಲ್ಲಿನ ಬ್ಯಾಚ್ ನಂಬರೂ ಸೀಸೆಯ ನಂಬರೂ ಒಂದೇ ಆಗಿವೆಯೇ ಎಂದು ಅಲ್ಲೇ ನೋಡಿ. ಅವಧಿಯನ್ನು ಓದಿ. ಫಾರ್ಮಸಿಸ್ಟ್ ಯಾರೆಂದು ವಿನಯದಿಂದ ಕೇಳಿ; ಔಷಧಿ ತೆಗೆದುಕೊಳ್ಳುವ ಬಗೆಯನ್ನು ಅವರಿಂದಲೇ ತಿಳಿದುಕೊಳ್ಳಿ. ಔಷಧಿ ಮುಗಿಯುವವರೆಗಾದರೂ ಬಿಲ್ಲನ್ನು ಎತ್ತಿಡಿ. ಅಂಗಡಿಯವರಿಗೆ ಮೊದಲು ಬೇಸರವಾದೀತು. ಆದರೆ ಕೇಳುವವರು ಹೆಚ್ಚಿದಂತೆ ಬರೆಯುವವರೂ ಹೆಚ್ಚುತ್ತಾರೆ. ಬೆಟ್ಟದ ಸೀಮೆಯ ಆ ಹುಡುಗನನ್ನು ಹುಡುಕಲು ಸಾಧ್ಯವಾದದ್ದು, ಅವನಿಗೆ ಆ ಔಷಧಿ ಹೋಗಿದೆ ಎಂಬುದು ಗೊತ್ತಿದ್ದುದರಿಂದಲೇ.